ಒಡ್ಡಿದ ಕೈ

ದೇವರ ಮುಂದೆ ಬೇಡಿಕೊಂಡರೆ ಅದು ಭಕ್ತಿ. ನೆರೆಮನೆಯವರ ಮುಂದೆ ಬೇಡಿದರೆ ಕಡ. ಬೀದಿಯಲ್ಲಿ ನಿಂತು ಬೇಡಿದರೆ ಭಿಕ್ಷೆ. ಹಾಗಾದರೆ ಸರ್ಕಾರದ ಮುಂದೆ ಅರ್ಜಿ ಹಿಡಿದು ಬೇಡಿದರೆ ಅದಕ್ಕೆ ಏನೆನ್ನಬೇಕು? ಈ ಪ್ರಶ್ನೆ ನನ್ನ ತಲೆಗೆ ಹೊಕ್ಕದ್ದು ಯಾವುದೋ ದೊಡ್ಡ ಗ್ರಂಥವನ್ನು ಓದಿ ಅಲ್ಲ. 2023ರ ಬೇಸಿಗೆಯ ಒಂದು ಮಧ್ಯಾಹ್ನ, ರೊಟ್ಟಿ ಬಡಿದು ಮುಗಿಸಿ, ನಡುಮನೆಯಲ್ಲಿ ಕೂತು ನಾಲ್ಕು ಪುಟದ ಅರ್ಜಿಯೊಂದನ್ನು ತುಂಬುತ್ತಿದ್ದಾಗ.

ನಮ್ಮೂರು ಜಮಖಂಡಿ ತಾಲೂಕಿನಲ್ಲಿ, ಕೃಷ್ಣಾ ಹೊಳೆಗೆ ಸಮೀಪ. ಊರ ಮಗ್ಗುಲಿಗೆ ಒಂದು ಹಳ್ಳ ಹರಿದು ಹೊಳೆಯನ್ನು ಸೇರುತ್ತದೆ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಆ ಹಳ್ಳದ ಕಲ್ಲಿನ ಮೇಲೆ ಅರಿವೆ ಒಗೆಯುತ್ತ ನಾವು ಹೊಸ ಸೊಸೆಯಂದಿರು ಸುಖದುಃಖ ಮಾತಾಡಿಕೊಂಡವರು. ಈಗ ಕೆಲವು ವರ್ಷಗಳಿಂದ ಆ ನೀರು ಕಾಣುವುದೇ ಇಲ್ಲ. ದಂಡೆಯಿಂದ ದಂಡೆಯವರೆಗೆ ಹಸಿರು ಚಾಪೆ ಹಾಸಿದಂತೆ ಜಲಕಳೆ. ನಮ್ಮ ಕಡೆ ಇದನ್ನು ಅಂತರಗಂಗೆ ಎಂದೇ ಕರೆಯುತ್ತಾರೆ. ಆದರೆ ನಮ್ಮ ಹಿರಿಯರು ಬಲ್ಲ ಅಂತರಗಂಗೆ ಬೇರೆ ಗಿಡ. ಇದು ದಕ್ಷಿಣ ಅಮೆರಿಕದಿಂದ ಬಂದದ್ದು. ಉಬ್ಬಿದ ತೊಟ್ಟು, ದುಂಡನೆಯ ಎಲೆ, ನೇರಳೆ ಹೂವು. ಅನುಕೂಲ ಸಿಕ್ಕರೆ ಹದಿನೈದು ದಿನದಲ್ಲಿ ದುಪ್ಪಟ್ಟಾಗುತ್ತದೆ. ಕೆಳಗಿನ ನೀರಿಗೆ ಗಾಳಿ ಬೆಳಕು ಸಿಗದೆ ಮೀನು ಸಾಯುತ್ತವೆ, ಸೊಳ್ಳೆ ಬೆಳೆಯುತ್ತವೆ. ಒಂದು ಬುಟ್ಟಿ ಕಿತ್ತು ಎತ್ತಿ ನೋಡಿದರೆ ಸೊಂಟ ಹೇಳುತ್ತದೆ ಅದರ ಭಾರವನ್ನು. ಅದರಲ್ಲಿ ನೂರಕ್ಕೆ ತೊಂಬತ್ತು ಪಾಲಿಗಿಂತ ಹೆಚ್ಚು ನೀರೇ ಇರುತ್ತದೆ.

ನಮ್ಮ ಮಹಿಳಾ ಸಂಘದ ಹದಿನೇಳು ಜನ ಸೇರಿ, ಈ ಹಳ್ಳವನ್ನು ಸ್ವಚ್ಛ ಮಾಡಲು ಅನುದಾನ ಕೇಳೋಣವೆಂದು ನಿರ್ಧರಿಸಿದೆವು. ಓದಿದವಳೆಂಬ ಕಾರಣಕ್ಕೆ ಅರ್ಜಿ ನನ್ನ ಪಾಲಿಗೆ ಬಂತು. ನಾನು ಪೆನ್ನು ಹಿಡಿದದ್ದನ್ನು ನೋಡಿ ಪಡಸಾಲೆಯಲ್ಲಿ ಕೂತಿದ್ದ ಮಾವನವರು ಕೇಳಿದರು, "ಏನವ್ವಾ ಅದು?" ಹೇಳಿದೆ. ಎಂಬತ್ತು ದಾಟಿದ ಜೀವ, ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: "ಹೊಳಿಗೇ ಒಡ್ಡು ಹಾಕಿದ ಮಂದಿ ನಾವು. ಹಳ್ಳದಾಗಿನ ಕಸಾ ತಗಿಯಾಕ ನೀವು ಸರಕಾರದ ಮುಂದ ಕೈ ಒಡ್ಡತೀರೇನು?"

ಅವರ ಮಾತಿನ ಹಿಂದೆ ಒಂದು ಇತಿಹಾಸವಿದೆ. ಜಮಖಂಡಿ ಸೀಮೆಯ ಹೊರಗಿನ ಓದುಗರಿಗೆ ಅದನ್ನು ಹೇಳಬೇಕು. ಬೇಸಿಗೆಯಲ್ಲಿ ಕಣ್ಣೆದುರಿಗೇ ಹೊಳೆ ಒಣಗುತ್ತಿದ್ದ ಕಾಲವದು. ಒಂದು ಬ್ಯಾರೇಜು ಕಟ್ಟಿಕೊಡಿರೆಂದು ಕೇಳಿ ಕೇಳಿ ಬೇಸತ್ತ ರೈತರು ಕೃಷ್ಣಾ ತೀರ ರೈತ ಸಂಘದ ಹೆಸರಿನಲ್ಲಿ ಒಂದಾದರು. ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ತಾವೇ ವಂತಿಗೆ ಹಾಕಿ, ತಾವೇ ಕಲ್ಲು ಮಣ್ಣು ಹೊತ್ತು 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ಬ್ಯಾರೇಜು ಕಟ್ಟಿ ನಿಲ್ಲಿಸಿದರು. ಅದಕ್ಕೆ ಶ್ರಮಬಿಂದು ಸಾಗರ ಎಂದು ಹೆಸರಾಯಿತು. ಬೆವರ ಹನಿಗಳ ಸಮುದ್ರ! ನ್ಯಾಮಗೌಡರಿಗೆ 'ಬ್ಯಾರೇಜ್ ಸಿದ್ದು' ಎಂಬ ಹೆಸರೇ ಅಂಟಿಕೊಂಡಿತು. 1991ರ ಲೋಕಸಭಾ ಚುನಾವಣೆಯಲ್ಲಿ ಅವರು ರಾಮಕೃಷ್ಣ ಹೆಗಡೆಯವರನ್ನೇ ಸೋಲಿಸಿ ದಿಲ್ಲಿಗೆ ಹೋದರು. 2018ರಲ್ಲಿ ಅಪಘಾತದಲ್ಲಿ ತೀರಿಕೊಂಡಾಗ ಈ ಸೀಮೆಯ ಎಷ್ಟೋ ಮನೆಗಳಲ್ಲಿ ಒಲೆ ಹೊತ್ತಲಿಲ್ಲ. ಆ ಒಡ್ಡಿಗೆ ಕಲ್ಲು ಹೊತ್ತವರಲ್ಲಿ ನಮ್ಮ ಮಾವನವರೂ ಒಬ್ಬರು. ಅಂಥವರ ಎದುರಿಗೆ ಕೂತು ಅನುದಾನದ ಅರ್ಜಿ ಬರೆಯುವುದೆಂದರೆ, ಹಬ್ಬದ ಅಡುಗೆ ಮಾಡಿದ ಅತ್ತೆಯ ಮುಂದೆ ಪಕ್ಕದ ಮನೆಯಿಂದ ಸಾರು ಇಸಿದುಕೊಂಡು ಬಂದಹಾಗೆ.

ನನಗೂ ಅರ್ಜಿ ಎಂದರೆ ಮೊದಲಿನಿಂದ ಅಳುಕು. ನನ್ನ ತವರು ಬೀಳಗಿ ತಾಲೂಕು. ಆಲಮಟ್ಟಿಯ ಹಿನ್ನೀರಿಗೆ ನಮ್ಮ ಹೊಲ, ಮನೆ, ಮನೆ ಮುಂದಿನ ಬೇವಿನ ಗಿಡ ಎಲ್ಲಾ ಹೋದವು. ನಾನು ಬಾಣಂತನಕ್ಕೆ ಹೋದಾಗ ಅಪ್ಪ ಪರಿಹಾರದ ಕಾಗದಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ದಿನಾ ಒಂದು ಕಚೇರಿಗೆ ಹೋಗಿ ಬರುತ್ತಿದ್ದ. ಒಂದು ದಿನ ನಾನೂ ಜೊತೆಗೆ ಹೋಗಿದ್ದೆ. ಊರಲ್ಲಿ ಎಲ್ಲರಿಗೂ ಬುದ್ಧಿ ಹೇಳುತ್ತಿದ್ದ ಅಪ್ಪ, ಅಲ್ಲಿ ಪಟಗ ತೆಗೆದು ಕೈಯಲ್ಲಿ ಹಿಡಿದು, ಬಾಗಿಲಿಗೆ ಬೆನ್ನು ತಾಗದಂತೆ ನಿಂತಿದ್ದ. ಅವನು ಕೇಳುತ್ತಿದ್ದದ್ದು ತನ್ನದೇ ಹೊಲದ ಬೆಲೆ. ಆದರೂ ನಿಲ್ಲುವ ಬಗೆ ಮಾತ್ರ ಬೇಡುವವನದು. ತನ್ನ ಹಕ್ಕನ್ನು ಕೇಳುವವನಿಗೂ ಬೇಡುವವನ ಭಂಗಿ ಕಲಿಸುತ್ತದಲ್ಲ, ಅದು ಎಂಥ ವ್ಯವಸ್ಥೆ ಎಂದು ಅಂದೇ ಮನಸ್ಸು ಮುರಿದಿತ್ತು.

ಹೀಗಾಗಿ ಮಾವನವರ ಮಾತು ಕೇಳಿದ ಕೂಡಲೇ ಅರ್ಜಿ ಮಡಿಸಿ ಇಟ್ಟುಬಿಟ್ಟೆ. ಒಂದು ವಾರ ಮುಟ್ಟಲಿಲ್ಲ. ಆ ವಾರದಲ್ಲಿ ವಿಚಾರ ಮಾಡಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಅರ್ಜಿಯಲ್ಲಿ ಮೂರು ಕಾಲಮ್ಮುಗಳು ನನ್ನನ್ನು ಕಾಡಿದವು. ಮೊದಲನೆಯದು, 'ಸಮಸ್ಯೆಗೆ ಕಾರಣ'. ಅರ್ಜಿ ಬರೆಯುವುದರಲ್ಲಿ ಪಳಗಿದ ಒಬ್ಬ ಹುಡುಗ, "ಪ್ರಕೃತಿ ವಿಕೋಪ ಅಂತ ಬರೀರಿ ಅಕ್ಕಾರ, ಹೊಳಿ ಬಂದಾಗ ತೇಲಿ ಬಂತು ಅಂದ್ರ ಮುಗೀತು" ಎಂದ. ತೇಲಿ ಬಂದದ್ದೂ ಇರಬಹುದು. ಆದರೆ ನನಗೆ ಗೊತ್ತಿದ್ದ ಇನ್ನೊಂದು ಸತ್ಯವಿತ್ತು. ಎಂಟು ಹತ್ತು ವರ್ಷದ ಕೆಳಗೆ ಗೆಳತಿಯ ಮನೆಯ ತೊಟ್ಟಿಯಲ್ಲಿ ಆ ನೇರಳೆ ಹೂವು ನೋಡಿ ಮರುಳಾಗಿ ನಾನೇ ಎರಡು ಗಿಡ ತಂದು ಹಿತ್ತಲಿನ ಕಲ್ಲಬಾನಿಯಲ್ಲಿ ಬಿಟ್ಟಿದ್ದೆ. ಚೌತಿಗೆ ಗಣಪನ ಮುಂದೆ ಅದೇ ಹೂವು ಇಟ್ಟು ಎಲ್ಲರಿಂದ ಹೊಗಳಿಸಿಕೊಂಡಿದ್ದೆ. ಬಾನಿ ತುಂಬಿ ಉಕ್ಕಿದಾಗ ಬುಟ್ಟಿಗಟ್ಟಲೆ ತೆಗೆದು ಹಳ್ಳಕ್ಕೆ ಚೆಲ್ಲಿದ್ದೂ ನಾನೇ. ಹಳ್ಳ ಮುಚ್ಚಿದ್ದು ನನ್ನ ಗಿಡದಿಂದಲೇ ಎಂದು ಸಾಬೀತು ಮಾಡಲಾಗದು. ಅಲ್ಲ ಎಂದೂ ಸಾಬೀತು ಮಾಡಲಾಗದು. ಇಂಥ ತಪ್ಪುಗಳೇ ಮನುಷ್ಯನನ್ನು ಹೆಚ್ಚು ಕಾಡುವುದು.

ನಾನೊಬ್ಬಳೇ ಅಲ್ಲ ಎಂಬ ಸಮಾಧಾನವೂ ಉಂಟು. ಭಾರತಕ್ಕೆ ಈ ಗಿಡ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಂಗಾಳಕ್ಕೆ ಬಂದದ್ದೂ ಅಂದಕ್ಕಾಗಿಯೇ. ಕೆಲವೇ ದಶಕಗಳಲ್ಲಿ ಅಲ್ಲಿಯ ಹೊಳೆ, ಹೊಂಡ, ಭತ್ತದ ಗದ್ದೆಗಳನ್ನು ಮುಚ್ಚಿ ಅದು 'ಬಂಗಾಳದ ಪಿಡುಗು' ಎನಿಸಿತು. ಕೊನೆಗೆ 1936ರಲ್ಲಿ ಅದಕ್ಕೆಂದೇ ಒಂದು ಕಾಯ್ದೆ ತಂದರು. ಮನೆಯ ಆವರಣದಲ್ಲಿ ಈ ಗಿಡ ಇಟ್ಟುಕೊಳ್ಳುವುದೇ ಅಪರಾಧವಾಯಿತು. ನಮ್ಮ ಹೊಲದ ಬದುಗಳನ್ನು ತಿಂದ ಬಳ್ಳಾರಿ ಜಾಲಿಯನ್ನು ಸೌದೆಗೆ ಆದೀತೆಂದು ತಂದು ಹಬ್ಬಿಸಿದವರು ಬ್ರಿಟಿಷ್ ಕಾಲದ ಅಧಿಕಾರಿಗಳು. ಕಾಂಗ್ರೆಸ್ ಹುಲ್ಲು 1950ರ ದಶಕದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿತ್ತು. ಹೊರದೇಶದ ಗೋಧಿಯ ಜೊತೆ ಬಂತೆಂದು ಹೇಳುತ್ತಾರೆ. ಒಂದು ಅಂದಕ್ಕೆ, ಒಂದು ಉಪಯೋಗಕ್ಕೆ, ಒಂದು ಹಸಿವಿನ ಬೆನ್ನು ಹತ್ತಿ. ಯಾರೂ ಕೇಡು ಬಗೆದು ತಂದವರಲ್ಲ.

ಗಿಡ ತಂದರೆ ಸಾಲದು, ಅದಕ್ಕೆ ಊಟವೂ ಬೇಕು. ಆ ಊಟ ಬಡಿಸಿದವರು ಯಾರು? ನನ್ನ ತಂಗಿಯನ್ನು ಮುಧೋಳ ತಾಲೂಕಿಗೆ, ಘಟಪ್ರಭೆಯ ದಂಡೆಗೆ ಕೊಟ್ಟಿದೆ. ಕಬ್ಬಿಗೆ ನೀರು ಕಟ್ಟಿ ಕಟ್ಟಿ, ಗೊಬ್ಬರ ಸುರಿದು ಸುರಿದು ಅವರ ಎರಡು ಎಕರೆ ಸವುಳು ಜವುಳಾಗಿ ಬೆಳ್ಳಗೆ ಉಪ್ಪು ಮೂಡಿದೆ. ಬೆಳೆಗೆ ದಕ್ಕದ ಗೊಬ್ಬರ ಬಸಿದು ಹೋಗುವುದು ಹಳ್ಳಕ್ಕೇ. ರಬಕವಿ-ಬನಹಟ್ಟಿಯಲ್ಲಿ ನನ್ನ ಕಾಲೇಜಿನ ಗೆಳತಿ ಇದ್ದಾಳೆ, ನೇಕಾರರ ಮನೆ. ನೂಲಿಗೆ ಬಣ್ಣ ಹಾಕಿದ ನೀರು ಒಂದು ದಿನ ಕೆಂಪಗೆ, ಒಂದು ದಿನ ನೀಲಿಯಾಗಿ ಗಟಾರಕ್ಕೆ ಹರಿಯುವುದನ್ನು ಅವಳೇ ಬಾಗಿಲಲ್ಲಿ ನಿಂತು ನನಗೆ ತೋರಿಸಿದ್ದಳು. ಇನ್ನು ನಮ್ಮೂರಿನ ಬಚ್ಚಲ ನೀರು, ಸಾಬೂನಿನ ನೊರೆ, ದನದ ಕೊಟ್ಟಿಗೆಯ ತೊಳೆನೀರು. ಇವೆಲ್ಲವೂ ಅಂತರಗಂಗೆಗೆ ಹೋಳಿಗೆ ಊಟ. ಕೃಷ್ಣೆ ಬನಹಟ್ಟಿಯ ಸೀಮೆ ದಾಟಿ ಜಮಖಂಡಿಯ ಕಡೆಗೆ ಬರುತ್ತಾಳೆ, ನಮ್ಮನ್ನು ದಾಟಿ ಬೀಳಗಿಯ ಕಡೆಗೆ ಹೋಗುತ್ತಾಳೆ. ಮುಧೋಳದ ಘಟಪ್ರಭೆಯೂ ಮುಂದೆ ಚಿಕ್ಕಸಂಗಮದಲ್ಲಿ ಬಂದು ಕೂಡುತ್ತಾಳೆ. ಕಡೆಗೆ ಎಲ್ಲ ನೀರೂ ಆಲಮಟ್ಟಿಯ ಹಿನ್ನೀರೇ. ಇದನ್ನು ನಕ್ಷೆಯಲ್ಲಿ ನೋಡಿದ ದಿನ ನನ್ನ ಎದೆ ಝಲ್ಲೆಂದಿತು. ಗಂಡನ ಮನೆಯ ಹಿತ್ತಲಿನಿಂದ ನಾನು ಹಳ್ಳಕ್ಕೆ ಚೆಲ್ಲಿದ್ದು ಹೋಗಿ ಮುಟ್ಟುವುದು ನನ್ನ ತವರಿನ ನೀರಿಗೆ! ನಾಗರ ಪಂಚಮಿಗೆ ಉಂಡಿ ಕಟ್ಟಿಕೊಂಡು ಹೋಗುವ ಮಗಳು ವರ್ಷವಿಡೀ ತವರಿಗೆ ಕಳಿಸಿದ್ದು ಇದನ್ನೇ.

ಮಾವನವರ ಪ್ರಶ್ನೆಗೆ ಅರ್ಧ ಉತ್ತರ ನನಗೆ ಅಲ್ಲೇ ಸಿಕ್ಕಿತು. ಬ್ಯಾರೇಜು ಕಟ್ಟಿದಾಗ ವಂತಿಗೆ ಹಾಕಿದವರು ಮತ್ತು ನೀರು ಪಡೆದವರು ಹೆಚ್ಚುಕಡಿಮೆ ಒಂದೇ ಜನ. ಆದ್ದರಿಂದ ಲೆಕ್ಕ ಕೂಡಿತು. ಆದರೆ ಹಳ್ಳದ ಕಳೆ ತೆಗೆದರೆ ಅದರ ಲಾಭ ನಾವು ಮುಖ ಕಾಣದ ಕೆಳಗಿನ ಊರಿನವರಿಗೂ ಹೋಗುತ್ತದೆ. ಮೇಲಿನ ಊರಿನವರು ತೆಗೆಯದಿದ್ದರೆ ನಾವು ಪಟ್ಟ ಪಾಡು ಒಂದೇ ಮಳೆಗೆ ನೀರುಪಾಲು. ಇದನ್ನು ತಿನ್ನುವ ಸೊಂಡಿಲು ಹುಳುವನ್ನು 1980ರ ದಶಕದಲ್ಲಿ ವಿಜ್ಞಾನಿಗಳು ಹೊರದೇಶದಿಂದ ತಂದು, ಬೇರೆ ಬೆಳೆಗೆ ಕೇಡಿಲ್ಲವೆಂದು ಪರೀಕ್ಷಿಸಿ ಬೆಂಗಳೂರಿನ ಕೆರೆಗಳಲ್ಲಿ ಬಿಟ್ಟರು. ಅಂಥ ಕೆಲಸ ಒಂದು ಊರಿನ ಸಂಘದಿಂದ ಆಗುವುದುಂಟೇ? ಒಬ್ಬರ ನೀರು ಇನ್ನೊಬ್ಬರ ಬಾಗಿಲಿಗೆ ಹೋಗುವಲ್ಲಿ ಎಲ್ಲರಿಗೂ ಸೇರಿದ ಒಂದು ಗಂಟು ಬೇಕೇ ಬೇಕು. ಸರ್ಕಾರ ಎಂಬುದಕ್ಕೆ ಆ ಗಂಟು ಕಾಯುವುದಕ್ಕಿಂತ ದೊಡ್ಡ ಅರ್ಥವಿಲ್ಲ. ಆ ಗಂಟಿನಲ್ಲಿ ನಾವು ಕೊಂಡ ಸಾಬೂನಿನ ತೆರಿಗೆಯೂ ಇದೆ. ಹಾಗಿದ್ದಮೇಲೆ ಕೇಳುವುದು ಭಿಕ್ಷೆ ಹೇಗಾದೀತು?

ಆದರೆ ಉಳಿದ ಅರ್ಧ ನಮ್ಮ ಕಡೆಗೇ ಬೆರಳು ತೋರಿಸುತ್ತದೆ. 1976ರಲ್ಲಿ ಸಂವಿಧಾನಕ್ಕೆ ಮಾಡಿದ 42ನೆಯ ತಿದ್ದುಪಡಿಯಲ್ಲಿ ಪರಿಸರದ ಮಾತು ಎರಡು ಕಡೆ ಸೇರಿತು. 48-ಎ ವಿಧಿಯಲ್ಲಿ ಪರಿಸರವನ್ನೂ ಕಾಡನ್ನೂ ವನ್ಯಜೀವಿಗಳನ್ನೂ ಕಾಪಾಡುವ ಹೊಣೆಯನ್ನು ಸರ್ಕಾರಕ್ಕೆ ಹೇಳಿದೆ. 51-ಎ ವಿಧಿಯಲ್ಲಿ ಅದೇ ಹೊಣೆಯನ್ನು ನಾಗರಿಕರ ಕರ್ತವ್ಯವೆಂದು ಹೇಳಿದೆ. ಎರಡನ್ನೂ ಪಕ್ಕದಲ್ಲಿಟ್ಟು ಓದಿದಾಗ ಒಂದು ಸೋಜಿಗ ಕಂಡಿತು. ಕೆರೆ ಮತ್ತು ಹೊಳೆಗಳ ಹೆಸರನ್ನು ಬಿಡಿಸಿ ಹೇಳಿರುವುದು ನಾಗರಿಕರ ಪಾಲಿನಲ್ಲಿ ಮಾತ್ರ! ಸರ್ಕಾರದ ಪಾಲಿನಲ್ಲಿ ಪರಿಸರ ಎಂಬ ದೊಡ್ಡ ಮಾತಿನೊಳಗೆ ಅವು ಅಡಗಿವೆ. ಕಾನೂನಿನ ಪಂಡಿತರು ಇದಕ್ಕೆ ಏನು ಹೇಳುತ್ತಾರೋ. ನನಗೆ ಮಾತ್ರ ಯಾರೋ ಹಿರಿಯರು ಹೆಸರು ಹಿಡಿದು ಕರೆದಂತಾಯಿತು.

ಇಲ್ಲಿಗೆ ಎರಡನೆಯ ಕಾಲಮ್ಮು, 'ಊರಿನವರ ಪಾಲು'. ಹಣವಾಗಿ, ಇಲ್ಲವೇ ದುಡಿಮೆಯಾಗಿ ನೀವು ಏನು ಕೊಡುವಿರಿ? ಇದು ಹೊಸ ಕ್ರಮವೇನಲ್ಲ. 2002ರಲ್ಲಿ ವಿಶ್ವ ಬ್ಯಾಂಕಿನ ನೆರವಿನಿಂದ ನಮ್ಮ ರಾಜ್ಯದಲ್ಲಿ ಶುರುವಾದ ಜಲ ಸಂವರ್ಧನೆ ಯೋಜನೆಯಲ್ಲಿಯೂ ಕೆರೆ ಬಳಕೆದಾರರ ಸಂಘದವರು ತಮ್ಮ ವಂತಿಗೆ ಹಾಕಬೇಕಿತ್ತು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಕೆರೆಗಳಿಗೆ ಪರದೇಶದ ಕಳೆ, ಜೀವಿಗಳು ಹೊಗದಂತೆ ಕಾಯುವುದಕ್ಕೆ ಊರಿನ ಸಂಘಗಳಿಗೆ ಸರ್ಕಾರ ಅನುದಾನ ಕೊಡುತ್ತದೆ. ದೋಣಿ ಇಳಿಸುವ ಕಡೆ ಜನ ನಿಂತು ಒಂದೊಂದು ದೋಣಿಗೂ ಕಳೆಯ ಎಳೆ ಅಂಟಿದೆಯೇ ಎಂದು ನೋಡುತ್ತಾರೆ. ವೆಚ್ಚದಲ್ಲಿ ಒಂದು ಪಾಲು ಊರಿನದು; ಹಾಗೆ ನಿಂತವರ ಗಂಟೆಗಳನ್ನೂ ಆ ಪಾಲಿಗೆ ಜಮಾ ಮಾಡಿಕೊಳ್ಳುತ್ತಾರೆ. ನಿಂತ ಗಂಟೆಗೂ ಬೆಲೆ ಇದೆ ಎಂಬ ಮಾತು ನನಗೆ ಹೊಸದಾಗಿತ್ತು.

ಈ ಕಾಲಮ್ಮಿನ ಮುಂದೆ ಪೆನ್ನು ಹಿಡಿದು ಕೂತಿದ್ದಾಗ ಅತ್ತೆ ಬಂದು ಪಕ್ಕದಲ್ಲಿ ಕೂತರು. ಏನು ಬರೆಯಲಿ ಎಂದು ಕೇಳಿದೆ. ಪಡಸಾಲೆಯ ಕಡೆಗೊಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದರು: "ಒಡ್ಡು ಕಟ್ಟುವಾಗ ಕೊಟ್ಟ ರೊಕ್ಕಾ ನಿಮ್ಮ ಮಾವಾರು ತಮ್ಮ ವಹಿಯಾಗ ತಮ್ಮ ಹೆಸರಲೆ ಬರಕೊಂಡಾರ. ಆ ರೊಕ್ಕದಾಗ ನನ್ನ ಎರಡ ಪಾಟ್ಲಿ ಅದಾವ. ಅದನ್ಯಾರು ಬರದಾರ? ದಿನಾ ನಲವತ್ತು ರೊಟ್ಟಿ ಬಡದು ಬುತ್ತಿ ಕಳಿಸೇನಿ. ಅದನ್ಯಾರು ಬರದಾರ?" ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಮೂವತ್ತು ವರ್ಷದ ಮೇಲಾಗಿ ಹೋದ ಮಾತು. ಆದರೆ ಮರೆತಿರಲಿಲ್ಲ.

ನಾನು ಸುಮ್ಮನಾದೆ. ನಮ್ಮದು ನಾವೇ ಮಾಡಿಕೊಂಡೆವು ಎಂದು ಊರು ಎದೆ ತಟ್ಟಿ ಹೇಳುವಾಗ ಆ 'ನಾವು' ಎಂಬುದರಲ್ಲಿ ಯಾರ ಕೈ ಎಷ್ಟಿತ್ತು ಎಂದು ಕೇಳುವವರಿಲ್ಲ. ಬ್ಯಾರೇಜು ದೊಡ್ಡ ಕೆಲಸ, ಅದರ ಹೆಮ್ಮೆ ನಮ್ಮ ಮನೆಗೂ ಸಲ್ಲಬೇಕು. ಆದರೆ ಶ್ರಮದಾನವೆಂದರೆ ನಾಳೆ ಮೊಣಕಾಲವರೆಗೆ ಸೀರೆ ಎತ್ತಿಕಟ್ಟಿ ಕೆಸರಿಗೆ ಇಳಿಯುವವರು ಮತ್ತೆ ನಾವೇ. ದಾನವೆಂದರೆ ಕೊಡುವವರಿಗೆ ಕೊಡದಿರುವ ಸ್ವಾತಂತ್ರ್ಯವೂ ಇರಬೇಕಲ್ಲವೇ? ಕೇಳದೆಯೇ ತೆಗೆದುಕೊಂಡದ್ದನ್ನು ದಾನವೆನ್ನುವುದು ಹೇಗೆ? ಲೆಕ್ಕಕ್ಕೆ ಹಿಡಿಯದ ದುಡಿಮೆಯ ಮೇಲೆ ನಿಂತ ಸ್ವಾಭಿಮಾನಕ್ಕಿಂತ, ಲೆಕ್ಕ ಬರೆದು ಕೇಳಿದ ನೆರವೇ ಹೆಚ್ಚು ಮರ್ಯಾದೆಯದು ಎಂದು ನನಗೆ ಅಂದು ಅನ್ನಿಸಿತು. ಕೂಲಿಗೆ ಹೋಗಿಯೇ ಉಣ್ಣಬೇಕಾದ ಆರು ಜನ ನಮ್ಮ ಸಂಘದಲ್ಲಿದ್ದರು. ಅವರಿಗೆ ಕೂಲಿ, ಉಳಿದ ಹನ್ನೊಂದು ಜನರದು ವಾರಕ್ಕೊಂದು ದಿನದ ದುಡಿಮೆ ಊರಿನ ಪಾಲು ಎಂದು ಬರೆದೆ. ಒಬ್ಬೊಬ್ಬರ ಹೆಸರನ್ನೂ, ಗಂಟೆಯನ್ನೂ ಬಿಡಿಬಿಡಿಯಾಗಿ ಬರೆದೆ. ಬುತ್ತಿ ಕಟ್ಟುವವರ ಹೆಸರನ್ನೂ ಬಿಡಲಿಲ್ಲ.

ಮೂರನೆಯ ಕಾಲಮ್ಮು, 'ಬೇಕಾದ ಮೊತ್ತ'. ನಮ್ಮ ಲೆಕ್ಕಕ್ಕೆ 1 ಲಕ್ಷ 40 ಸಾವಿರ ರೂಪಾಯಿ ಆಗಿತ್ತು: ಜೆಸಿಬಿ ಬಾಡಿಗೆ, ಕೂಲಿ, ಬಲೆ, ಕಿತ್ತ ಕಳೆಯನ್ನು ನೀರಿಗೆ ಮರಳದಂತೆ ದೂರ ಸಾಗಿಸಿ ಗೊಬ್ಬರದ ಗುಂಡಿಗೆ ಹಾಕುವ ಖರ್ಚು. ಅದೇ ಹುಡುಗ ಹೇಳಿದ, "ಐದು ಲಕ್ಷ ಬರೀರಿ ಅಕ್ಕಾರ, ಅವರು ಕಡದು ಕಡದು ಎರಡ ಕೊಡ್ತಾರ." ಲೋಕದ ರೀತಿ ಅವನು ಬಲ್ಲ, ಅವನದೇನೂ ತಪ್ಪಿಲ್ಲ. ಆಗ ನನಗೆ ನೆನಪಾದದ್ದು ಆಯ್ದಕ್ಕಿ ಲಕ್ಕಮ್ಮ. ಗಂಡ ಮಾರಯ್ಯ ದಿನದಂತೆ ಚೆಲ್ಲಿದ ಅಕ್ಕಿ ಆಯ್ದು ತರಲು ಹೋದವನು ಒಂದು ದಿನ ಎಂದಿಗಿಂತ ಹೆಚ್ಚು ತಂದ. ಮನೆಯಲ್ಲಿ ಬಡತನವಿದ್ದರೂ ಲಕ್ಕಮ್ಮ ಹಿಗ್ಗಲಿಲ್ಲ. ನಮಗೆ ಬೇಕಾದಷ್ಟು ಸಾಕು, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದು ಕಳಿಸಿದಳು. ಆ ಕಥೆಯನ್ನು ಪುರಾಣದಲ್ಲಿ ಕೇಳಿ ತಲೆದೂಗುವ ನಾವು ಅರ್ಜಿಯ ಮುಂದೆ ಕೂತಾಗ ಯಾಕೆ ಮರೆಯುತ್ತೇವೆ? ಲಕ್ಕಮ್ಮ ಅಕ್ಕಿಯನ್ನು ಮುಟ್ಟಬೇಡವೆನ್ನಲಿಲ್ಲ. ಅಗತ್ಯ ಮೀರಿದ ಹಿಡಿಯನ್ನು ಮಾತ್ರ ಬೇಡವೆಂದಳು. ನಾವು ಹೆಚ್ಚು ಬರೆದ ಪ್ರತಿ ಸಾವಿರವೂ ಇನ್ನಾವುದೋ ಊರಿನ ಹಳ್ಳದ ಪಾಲಿನಿಂದ ಹೋಗುವಂಥದು. 1 ಲಕ್ಷ 40 ಸಾವಿರ ಎಂದೇ ಬರೆದೆ.

ಉಳಿದದ್ದು ಮೊದಲ ಕಾಲಮ್ಮು. ಸಂಘದ ಸಭೆಯಲ್ಲಿ ಎದ್ದು ನಿಂತು ನನ್ನ ಬಾನಿಯ ಗಿಡದ ಕಥೆಯನ್ನು ಹೇಳಿಬಿಟ್ಟೆ. ಕಾಲು ನಡುಗುತ್ತಿದ್ದವು. ಎಲ್ಲರೂ ಸ್ವಲ್ಪ ಹೊತ್ತು ಮೌನ. ಹಿಂದಿನ ಸಾಲಿನಿಂದ ಒಬ್ಬಳು, "ವೈನೀ, ನಾನೂ ನಿಮ್ಮ ಹಂತೇಲೆ ಎರಡ ಗಿಡಾ ಒಯ್ದಿದ್ನೆಲ್ಲ, ನಂದೂ ಬರೀರಿ" ಎಂದಳು. ಸಭೆಯೆಲ್ಲಾ ನಕ್ಕಿತು. ನಗುವಿನ ಮೇಲೆ ಇನ್ನೂ ಮೂರು ಮನೆಯವರು ಒಪ್ಪಿಕೊಂಡರು. 'ಊರಿನ ಮನೆಗಳಿಂದ ಹಳ್ಳಕ್ಕೆ ಚೆಲ್ಲಿದ ಗಿಡ. ಹೊಲ, ಬಚ್ಚಲು, ಕೊಟ್ಟಿಗೆಗಳ ನೀರು. ಹೊಳೆ ಬಂದಾಗ ತೇಲಿ ಬಂದದ್ದು' ಎಂದು ಮೂರನ್ನೂ ಬರೆದೆವು. ಒಬ್ಬರು ನಕ್ಕರೆ, "ತಮ್ಮ ತಪ್ಪು ತಾವೇ ಬರದ ಅರ್ಜಿ ಇದು" ಎನ್ನಬಹುದೆಂದು ಅಂಜಿಕೆಯಿತ್ತು. ಆದರೆ ಅದನ್ನು ಕೊಡುವಾಗ ನಾನು ಅಪ್ಪನಂತೆ ತಲೆ ತಗ್ಗಿಸಿ ನಿಲ್ಲಲಿಲ್ಲ. ಬಚ್ಚಿಡುವುದು ಏನೂ ಇಲ್ಲದವರಿಗೆ ಬೆನ್ನು ತಾನಾಗಿ ನೆಟ್ಟಗಾಗುತ್ತದೆ.

ಅರ್ಜಿ ಒಮ್ಮೆ ತಿರುಗಿ ಬಂತು, ಇನ್ನೆರಡು ಕಾಗದ ಬೇಕೆಂದು. ಕೊಟ್ಟೆವು. ಕೇಳಿದ್ದರ ಅರ್ಧಕ್ಕಿಂತ ತುಸು ಹೆಚ್ಚು ಹಣ ಬಂತು. ಜೆಸಿಬಿ ಎರಡು ದಿನ ಓಡಿತು, ಮಿಕ್ಕಿದ್ದು ನಮ್ಮ ಕೈಯಿಂದಾಯಿತು. ಹಳ್ಳದ ನೀರು ಮತ್ತೆ ಕಂಡ ದಿನ ನಾವು ಹೊಸ ಸೊಸೆಯಂದಿರ ಹಾಗೆ ಕಲ್ಲಿನ ಮೇಲೆ ಕೂತು ಕಾಲು ಇಳಿಬಿಟ್ಟೆವು. ಆದರೆ ಕಥೆ ಮುಗಿಯಲಿಲ್ಲ. ಈ ಕಳೆಯ ಬೀಜ ಕೆಸರಿನೊಳಗೆ ವರ್ಷಗಟ್ಟಲೆ ಬದುಕಿರುತ್ತದೆ. ಮರುವರ್ಷದ ಮಳೆಗೆ ಅಲ್ಲಲ್ಲಿ ಹಸಿರು ಬೊಟ್ಟುಗಳು ಮತ್ತೆ ತೇಲಿದವು. ಈಗ ಪ್ರತಿ ಅಮಾವಾಸ್ಯೆಯ ಮುಂಜಾನೆ ನಮ್ಮ ಪಾಳಿ. ಸಣ್ಣದಿರುವಾಗಲೇ ಕಿತ್ತರೆ ಒಂದು ಬುಟ್ಟಿ, ಬಿಟ್ಟರೆ ಮತ್ತೆ ಒಂದು ಅರ್ಜಿ. ನನ್ನ ಕಲ್ಲಬಾನಿಯಲ್ಲಿ ಈಗ ದನಗಳು ನೀರು ಕುಡಿಯುತ್ತವೆ.

ಹೋದ ದೀಪಾವಳಿ ಅಮಾವಾಸ್ಯೆಗೆ ಮಾವನವರು ಕೋಲು ಊರಿಕೊಂಡು ಹಳ್ಳದ ದಂಡೆಗೆ ಬಂದು ಕೂತಿದ್ದರು. ನಾವು ಕಿತ್ತು ಹಾಕುವುದನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನು ಕರೆದು ಕೇಳಿದರು, "ಇವರು ಯಾರ್ಯಾರು ಬಂದಾರ, ಎಷ್ಟೆಷ್ಟು ಹೊತ್ತು ಮಾಡ್ಯಾರ, ಲೆಕ್ಕಾ ಬರೀತೀರೇನವ್ವಾ?"

"ಬರೀತೇವ್ರಿ ಮಾವಾರ" ಎಂದೆ.

"ಬರೀರಿ," ಅಂದರು. ಸ್ವಲ್ಪ ತಡೆದು, ದಂಡೆಯ ಮೇಲೆ ಬುತ್ತಿ ಬಿಚ್ಚುತ್ತಿದ್ದ ಅತ್ತೆಯ ಕಡೆಗೆ ನೋಡಿ ಮತ್ತೆ ಅಂದರು, "ಬರೀಬೇಕು."